ಎರಡನೇ ಕೀಲಿ

ಅವಳು ಕರೆದಳು, ಕೈಯೊರೆಸಿಕೊಳ್ಳುತ್ತ ಹೋದೆ.
ನಕುರುವಿನ ಬೂದುಧೂಳಿನಲ್ಲಿ ಬೆನ್ನು ಚಾಚಿ
ಆ ಬಿಳಿ ಪ್ರೊಬಾಕ್ಸಿನ ಹೊಟ್ಟೆಯಡಿ
ಟಾರ್ಚು ಹಿಡಿದು ಒಂದು ತಾಸು ಮಲಗಿದ್ದೆ.

ತುಕ್ಕು ಬಾಗಿಲ ಅಂಚಿಗೆ ಮಾತ್ರ, ಉಗುರಿನಷ್ಟು.
ಆಯಿಲು ಜಿನುಗಿರಲಿಲ್ಲ.
ಮುಂದಿನ ಬುಷ್ ಸವೆದಿತ್ತು, ಅದು ಎಂಟುನೂರು ಶಿಲ್ಲಿಂಗಿನ ಮಾತು.
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ,
ಮೇಸ್ತ್ರಿ ಸಿಮಿಯು ಕಲಿಸಿದ ಹಾಗೆ ಒತ್ತಿ ಆಲಿಸಿದೆ:
ನಾಲ್ಕೂ ಸಿಲಿಂಡರು ಒಂದೇ ತಾಯ ಮಕ್ಕಳಂತೆ
ಸರದಿ ತಪ್ಪದೆ ಮಾತಾಡುತ್ತಿದ್ದವು.

"ತಗೋ ಜೆರೊಟಿಚ್" ಅಂದೆ, "ಮೋಸವಿಲ್ಲದ ಗಾಡಿ."

ಮಾರುವವನು ನೆರಳಲ್ಲಿ ನಿಂತಿದ್ದ. ಗಿಚೂಹಿ ಅಂತ ಹೆಸರು.
ಇಸ್ತ್ರಿ ಮುರಿಯದ ಅಂಗಿ. ಎಲ್ಲರಿಗೂ ಚಹಾ ತರಿಸಿದ,
ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿಸಿದ.
ಲಾಗ್‌ಬುಕ್ಕಿನ ಜೆರಾಕ್ಸ್ ಕೊಟ್ಟ.
ಅಸಲಿ ವಕೀಲರ ಹತ್ತಿರ ಇದೆಯಮ್ಮ, ನಿಮ್ಮ ಹೆಸರಿಗೆ ಮಾಡಿಸಲು,
ಬುಧವಾರ ಬರುತ್ತದೆ, ಅಂದ.
ಯಾವ ಬುಧವಾರ ಅಂತ ಯಾರೂ ಕೇಳಲಿಲ್ಲ.
ಕೀಲಿ ಒಂದೇ ಇತ್ತು. ಇನ್ನೊಂದನ್ನು
ಮಗು ಎಲ್ಲೋ ಎಸೆದುಬಿಟ್ಟಿತು, ಅಂತ ನಕ್ಕ.
ನಾವೂ ನಕ್ಕೆವು.

ದುಡ್ಡು ಹನ್ನೊಂದು ಹೆಂಗಸರದ್ದು.
ಭಾನುವಾರ ಭಾನುವಾರ ಚಾಮಾದ ತಗಡಿನ ಡಬ್ಬಿಗೆ ಬಿದ್ದದ್ದು;
ಮೊಟ್ಟೆ ಮಾರಿದ್ದು, ಜಡೆ ಹೆಣೆದದ್ದು, ಆಲೂಗಡ್ಡೆ ಆರಿಸಿದ್ದು.
ಅವಳು ಎರಡು ಸಲ ಎಣಿಸಿದಳು.
ಅವನು ಎಣಿಸಲೇ ಇಲ್ಲ.
ನಿಮ್ಮ ಮೇಲೆ ನಂಬಿಕೆಯಿದೆ, ಅಂದ.

ಏಳು ತಿಂಗಳು ಓಡಿತು.
ಮೊಲೊದ ಮಂಜಿನಿಂದ ನಸುಕಿಗೇ ಇಳಿಯುತ್ತಿತ್ತು
ಆರು ಕ್ಯಾನು ಹಾಲು ಹೊತ್ತು. ನನ್ನ ಶೆಡ್ಡಿನ ಮುಂದೆ
ಒಂದು ಹಾರ್ನು, ಅರ್ಧ ಲೀಟರು,
ಲೆಕ್ಕಕ್ಕೆ ಬರೆಯದ್ದು.

ಆಮೇಲೆ ಒಂದು ದಿನ ಕೋಳಿಗಿಂತ ಮೊದಲೇ ಅವರು ಬಂದರು.
ಕದ ಬಡಿಯಲಿಲ್ಲ, ಗಾಜು ಒಡೆಯಲಿಲ್ಲ.
ಅವಳು ಎಚ್ಚರಾದದ್ದು ಅಂಗಳದಲ್ಲಿ
ಆ ನಾಲ್ಕು ಮಕ್ಕಳ ಮಾತು ಕೇಳಿ.
ಕಳ್ಳರಲ್ಲ, ಹರಾಜಿನವರು.
ಕಂಕುಳಲ್ಲಿ ಅಸಲಿ ಲಾಗ್‌ಬುಕ್ಕು,
ಬೆರಳಲ್ಲಿ ಎರಡನೇ ಕೀಲಿ,
ಯಾವ ಮಗುವೂ ಎಸೆಯದೆ
ಎರಡು ವರ್ಷ ಫೈನಾನ್ಸಿನ ಕಪಾಟಿನಲ್ಲಿ
ಕೊರಳಿಗೆ ನಂಬರು ಕಟ್ಟಿಸಿಕೊಂಡು ಕಾದಿದ್ದದ್ದು.

ಗಿಚೂಹಿಯ ಸಾಲ, ಅಂದರು. ನೀವು ಯಾರು, ಅಂದರು.

ಅವರಲ್ಲೊಬ್ಬ ಒಳ್ಳೆಯವನು. ನಿಮ್ಮ ಸಾಮಾನು ತಗೊಳ್ಳಿ ಅಂದ.
ಮಗಳ ಒಂಟಿ ಚಪ್ಪಲಿ, ಹಾಲಳೆಯುವ ಲೋಟ,
ನಾನು ಬರೆದುಕೊಟ್ಟಿದ್ದ ಬುಷ್‌ನ ಚೀಟಿ.
ಸಂಜೆಯ ಹಾಲು ಕ್ಯಾನುಗಳಲ್ಲೇ ಇತ್ತು;
ಇಳಿಸುವುದಕ್ಕೆ ಅವನೇ ಕೈ ಹಚ್ಚಿದನಂತೆ,
ಒಂದು ಹನಿ ಚೆಲ್ಲಲಿಲ್ಲವಂತೆ.

ಈಗ ಬಾಡಿಗೆ ಬೈಕಿನ ಬೆನ್ನ ಮೇಲೆ ಎರಡೇ ಕ್ಯಾನು ಬರುತ್ತವೆ.
ಗಿಚೂಹಿಯ ಫೋನು ಆ ಬುಧವಾರದಂತೆಯೇ, ಸಿಗುವುದಿಲ್ಲ.
ಚಾಮಾದ ಭಾನುವಾರ ಮಾತ್ರ ತಪ್ಪದೆ ಬರುತ್ತದೆ.
ನೋಡಿಕೊಟ್ಟದ್ದಕ್ಕೆ ನಾನು ತೆಗೆದುಕೊಂಡ ಐನೂರನ್ನು
ಮಡಚಿ ಅವಳ ಮುಂದೆ ಹಿಡಿದೆ. ಮುಟ್ಟಲಿಲ್ಲ.
"ನೀನು ನೋಡಿದ್ದೆಲ್ಲ ಸರಿಯಾಗೇ ಇತ್ತಲ್ಲ" ಅಂದಳು,
"ಕೊನೇ ದಿನವೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು."

ಬೈದಿದ್ದರೆ ನಿದ್ದೆ ಬರುತ್ತಿತ್ತೇನೋ.
ಇಪ್ಪತ್ತಾರು ವರ್ಷ ಕಬ್ಬಿಣಕ್ಕೆ ಕಿವಿಗೊಟ್ಟವನು ನಾನು.
ಕೆಮ್ಮು ಕೇಳಿ ರೋಗ ಹೇಳಬಲ್ಲೆ.
ಈ ಸಾಲ ಕೆಮ್ಮಲಿಲ್ಲ,
ನನ್ನ ಎದೆಯ ಮೇಲೇ, ಒಂದು ಗೇಣು ಎತ್ತರದಲ್ಲಿ,
ಸುಮ್ಮನೆ ತೂಗುತ್ತಿತ್ತು.

ಈಗ ಗಾಡಿಯ ಅಡಿಗೆ ಹೋಗುವ ಮೊದಲು ಕೈ ಚಾಚುತ್ತೇನೆ:
ಎಲ್ಲಿ, ಎರಡೂ ಕೀಲಿ ಕೊಡು.

ನಿನ್ನೆ ಒಬ್ಬ ಕೊಟ್ಟ, ಎರಡನ್ನೂ, ನಗುತ್ತ.
ಎರಡನೆಯದರ ಹಲ್ಲಿನ ಸಂದಿಯಲ್ಲಿ
ಆಗತಾನೆ ಅರೆದ ಹಿತ್ತಾಳೆಯ ಪುಡಿ
ಇನ್ನೂ ಮಿನುಗುತ್ತಿತ್ತು.